ಗೇರ್ ಇಳಿಸುವ ಹದ

ದಸರಾ ರಜೆ ಬಂತೆಂದರೆ ಆಗುಂಬೆ ಘಾಟಿಯ ಬುಡದಲ್ಲಿ, ಸೋಮೇಶ್ವರದ ಕಡೆ, ಒಂದು ವಾಸನೆ ಸುಳಿದಾಡುತ್ತದೆ. ಕಾಡಿನದಲ್ಲ, ಕೊಳೆತ ಎಲೆಯದೂ ಅಲ್ಲ. ಕಮಟು, ಮೂಗಿಗೆ ಅಂಟಿಕೊಂಡು ಬಿಡದ ವಾಸನೆ. ರಸ್ತೆ ಬದಿಯಲ್ಲಿ ನಾಲ್ಕಾರು ಕಾರು ನಿಂತಿರುತ್ತವೆ. ಬಾನೆಟ್ ಎತ್ತಿ, ಒಳಗೆ ಏನು ನೋಡಬೇಕೆಂದು ತಿಳಿಯದೆ ಸುಮ್ಮನೆ ನೋಡುತ್ತಿರುವ ಗಂಡಸರು, ನೀರಿನ ಬಾಟಲಿ ಹಿಡಿದು ನಿಂತ ಹೆಂಗಸರು, ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡು ಸುಸ್ತಾದ ಮಕ್ಕಳು. ಎಂಜಿನ್ ಸುಟ್ಟುಹೋಯಿತೇ ಎಂಬ ಗಾಬರಿ ಎಲ್ಲರದೂ. ಬಿಸಿಯಾದದ್ದು ಎಂಜಿನ್ ಅಲ್ಲ, ಬ್ರೇಕ್. ಬಾನೆಟ್ ಎತ್ತುವ ಬದಲು ಮುಂದಿನ ಚಕ್ರದ ಬಳಿ ಬಗ್ಗಿದರೆ ಸಾಕು, ಕಾವು ಮುಖಕ್ಕೆ ಬಡಿಯುತ್ತದೆ.

ಅದೇ ಹೊತ್ತಿಗೆ ಅದೇ ಘಾಟಿ ಇಳಿದು ಬಂದ ಮಿನಿ ಬಸ್ಸೊಂದು ಇವರನ್ನು ದಾಟಿ ಉಡುಪಿಯ ಕಡೆ ಹೋಗುತ್ತದೆ. ಅದರಲ್ಲಿ ಸೀಟು ತುಂಬಿ ನಿಂತವರೂ ಇರುತ್ತಾರೆ, ಛಾವಣಿಯ ಮೇಲೆ ಮೂಟೆಯೂ ಇದ್ದೀತು. ವಾಸನೆ ಮಾತ್ರ ಇಲ್ಲ. 14 ಹೇರ್‌ಪಿನ್ ತಿರುವು ಅದಕ್ಕೂ ಅಷ್ಟೇ, ಇವರಿಗೂ ಅಷ್ಟೇ. ಉದ್ದನೆಯ ಬಸ್ಸುಗಳಿಗೆ ಒಂದೇ ಸಲಕ್ಕೆ ತಿರುಗಲು ಜಾಗವಿಲ್ಲದ ಆ ದಾರಿಯಲ್ಲಿ ಮಿನಿ ಬಸ್ಸಿನ ಚಾಲಕರು ದಿನವೂ ಹತ್ತಿ ಇಳಿಯುತ್ತಾರೆ. ಅವರ ಪಕ್ಕದ ಸೀಟಿನಲ್ಲಿ ಕುಳಿತು ಅವರ ಕಾಲು ನೋಡಬೇಕು. ಬ್ರೇಕಿನ ಮೇಲೆ ಕಾಲು ಇರುವುದೇ ಕಡಿಮೆ. ತಿರುವು ಕಣ್ಣಿಗೆ ಬೀಳುವ ಮೊದಲೇ ಎಡಗೈ ಗೇರಿನ ಮೇಲಿರುತ್ತದೆ. ಎಂಜಿನ್ ಒಮ್ಮೆ ಗುರ್ ಎನ್ನುತ್ತದೆ, ಗೇರ್ ಇಳಿಯುತ್ತದೆ, ಬಸ್ಸು ತಾನಾಗಿಯೇ ಬಿಗಿಹಿಡಿದುಕೊಳ್ಳುತ್ತದೆ. ನಿಂತ ಪ್ರಯಾಣಿಕ ಕಂಬಿ ಹಿಡಿಯುವ ಅಗತ್ಯವೂ ಬೀಳದಷ್ಟು ನಯ. ಗಾಡಿ ಓಡಿಸುವ ವಿದ್ಯೆಯಲ್ಲಿ ನಾವು ಅತ್ಯಂತ ಕಡೆಗಣಿಸಿದ ಪಾಠ ಇದೇ ಎಂದು ನನಗೆ ಅನ್ನಿಸುತ್ತದೆ. ಗೇರ್ ಏರಿಸುವುದನ್ನು ಎಲ್ಲರೂ ಕಲಿಯುತ್ತಾರೆ, ಇಳಿಸುವುದನ್ನು ಕಲಿಸುವವರೇ ಇಲ್ಲ.

ಲೆಕ್ಕ ಹಾಕಿ ನೋಡಿದರೆ ವಿಷಯದ ತೂಕ ತಿಳಿಯುತ್ತದೆ. ಜನರೂ ಸಾಮಾನೂ ಸೇರಿ 1200 ಕಿಲೋ ತೂಗುವ ಸಣ್ಣ ಕಾರೊಂದು 500 ಮೀಟರ್ ಎತ್ತರದಿಂದ ಕೆಳಗಿಳಿಯಿತು ಎಂದಿಟ್ಟುಕೊಳ್ಳಿ. ಇಳಿಯುವಾಗ ಅದು ಬಿಟ್ಟುಕೊಡಬೇಕಾದ ಶಕ್ತಿ ಸುಮಾರು 59 ಲಕ್ಷ ಜೂಲ್. ಬಚ್ಚಲ ಹಂಡೆಗೆ ಹದಿನೆಂಟು ಲೀಟರ್ ತಣ್ಣೀರು ಸುರಿದು ಕೊತಕೊತ ಕುದಿಸಲು ಎಷ್ಟು ಶಾಖ ಬೇಕೋ ಹೆಚ್ಚುಕಡಿಮೆ ಅಷ್ಟು. ಒಲೆಯಿಲ್ಲ, ಸೌದೆಯಿಲ್ಲ, ಆ ಶಾಖವೆಲ್ಲ ಹುಟ್ಟುವುದು ಚಕ್ರದೊಳಗಿನ ಕಬ್ಬಿಣದ ತಟ್ಟೆ ಮತ್ತು ಅದನ್ನು ಅಮುಕಿ ಹಿಡಿಯುವ ಅಂಗೈಗಿಂತ ಚಿಕ್ಕದಾದ ಪ್ಯಾಡುಗಳ ನಡುವೆ. ಒಂದು ಪಾಲನ್ನು ಗಾಳಿಯ ತಡೆ, ಟೈರಿನ ಉಜ್ಜಾಟ ತಿಂದುಹಾಕುತ್ತವೆ, ನಿಜ. ಆದರೆ ಘಾಟಿಯ ನಿಧಾನದ ವೇಗದಲ್ಲಿ ಗಾಳಿಯ ತಡೆ ಎಷ್ಟು ಮಾತ್ರದ್ದು? ಉಳಿದದ್ದೆಲ್ಲ ಬ್ರೇಕಿನ ತಲೆಗೇ.

ಬ್ರೇಕ್ ಕಾದಾಗ ಎರಡು ಅನಾಹುತ. ಮೊದಲನೆಯದು, ಪ್ಯಾಡಿನ ಹಿಡಿತ ಕಡಿಮೆಯಾಗುತ್ತ ಹೋಗುತ್ತದೆ. ಮೊದಲ ತಿರುವಿನಲ್ಲಿ ಎಷ್ಟು ಒತ್ತಿದರೆ ನಿಂತಿತೋ ಹತ್ತನೆಯ ತಿರುವಿನಲ್ಲಿ ಅದರ ಎರಡು ಪಾಲು ಒತ್ತಬೇಕಾದೀತು. ಎರಡನೆಯದು ಇನ್ನೂ ಕೆಟ್ಟದ್ದು. ಬ್ರೇಕ್ ಪೈಪಿನಲ್ಲಿರುವ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವ ಜಾತಿಯದು. ಡಾಟ್ 3 ಎಂದು ಗುರುತಿರುವ ಆಯಿಲ್ ಹೊಸದಾಗಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ತೇವ ಹೀರಿ ಹಳತಾದ ಮೇಲೆ 140 ಡಿಗ್ರಿಗೇ ಕುದಿದೀತು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವವನ್ನು ಅಮುಕಿದರೆ ಅದು ಒತ್ತಡವನ್ನು ದಾಟಿಸುತ್ತದೆ. ಗುಳ್ಳೆಯನ್ನು ಅಮುಕಿದರೆ ಅದು ಕುಗ್ಗುತ್ತದೆ, ಅಷ್ಟೇ. ಪೆಡಲ್ ನೆಲಕ್ಕೆ ತಾಗುತ್ತದೆ, ಕಾರು ನಿಲ್ಲುವುದಿಲ್ಲ. ಪತ್ರಿಕೆಯಲ್ಲಿ ‘ಬ್ರೇಕ್ ಫೇಲಾಗಿ’ ಎಂದು ನಾವು ಓದುವ ಘಾಟಿಯ ಅಪಘಾತಗಳಲ್ಲಿ ಬ್ರೇಕಿನದೇ ಅಪರಾಧವೆಂದು ನಂಬುವ ಮೊದಲು, ಗಾಡಿ ಯಾವ ಗೇರಿನಲ್ಲಿ ಇಳಿಯುತ್ತಿತ್ತು ಎಂದೊಮ್ಮೆ ಕೇಳಬೇಕು.

ಏಕೆಂದರೆ ಕಾರನ್ನು ಹಿಡಿದು ನಿಲ್ಲಿಸುವ ಇನ್ನೊಂದು ಶಕ್ತಿ ಎಂಜಿನ್ನಿನಲ್ಲೇ ಕುಳಿತಿದೆ. ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ನಿಗೆ ಗಾಳಿ ಹೋಗುವ ದಾರಿ ಬಹುಪಾಲು ಮುಚ್ಚಿಕೊಳ್ಳುತ್ತದೆ. ಪಿಸ್ಟನ್ನುಗಳು ಸಿಗದ ಗಾಳಿಯನ್ನು ಎಳೆಯಲು ಹೆಣಗುತ್ತವೆ. ಆ ಹೆಣಗಾಟಕ್ಕೆ ಬೇಕಾದ ಶಕ್ತಿಯನ್ನು ಚಕ್ರಗಳೇ ಕೊಡಬೇಕಾಗುವುದರಿಂದ ಕಾರು ನಿಧಾನವಾಗುತ್ತದೆ. ಗೇರ್ ಇಳಿದಷ್ಟೂ ಚಕ್ರದ ಒಂದು ಸುತ್ತಿಗೆ ಎಂಜಿನ್ ಹೆಚ್ಚು ಸಲ ತಿರುಗಬೇಕು, ಹೆಣಗಾಟವೂ ಹೆಚ್ಚು, ಹಿಡಿತವೂ ಹೆಚ್ಚು. ಡೀಸೆಲ್ ಎಂಜಿನ್ನಿನಲ್ಲಿ ಹೀಗೆ ಗಾಳಿಯ ದಾರಿ ಮುಚ್ಚುವ ಪದ್ಧತಿಯಿಲ್ಲದ ಕಾರಣ ಲಾರಿ, ಬಸ್ಸುಗಳಲ್ಲಿ ಹೊಗೆ ಹೋಗುವ ದಾರಿಯನ್ನೇ ಮುಚ್ಚುವ ಎಕ್ಸಾಸ್ಟ್ ಬ್ರೇಕ್ ಇಟ್ಟಿರುತ್ತಾರೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿ ಇಳಿಯುವಾಗ ಕೇಳುವ ಆ ಹುದುಗಿದ ಗುಡುಗು ಅದರದೇ.

‘ನ್ಯೂಟ್ರಲ್ ಹಾಕಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ’ ಎನ್ನುವವರು ಈಗಲೂ ಇದ್ದಾರೆ. ಕಾರ್ಬ್ಯುರೇಟರ್ ಕಾಲದ ನಂಬಿಕೆ ಅದು. ಇಂದಿನ ಫ್ಯೂಯೆಲ್ ಇಂಜೆಕ್ಷನ್ ಕಾರು ಗೇರಿನಲ್ಲಿದ್ದು, ಕಾಲು ಆಕ್ಸಿಲರೇಟರ್ ಮೇಲಿಲ್ಲದಿದ್ದರೆ, ಎಂಜಿನ್ ಸಾಕಷ್ಟು ವೇಗದಲ್ಲಿ ತಿರುಗುತ್ತಿರುವಷ್ಟು ಹೊತ್ತು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ಲಿಗೆ ಹಾಕಿದಿರೋ, ಎಂಜಿನ್ ಆರದಂತೆ ಉಳಿಯಲು ಒಂದಿಷ್ಟು ಪೆಟ್ರೋಲ್ ಸುಡಲೇಬೇಕು. ಉಳಿತಾಯವೆಂದು ಮಾಡಿದ್ದು ಖರ್ಚು. ಇನ್ನು ಕೆಲವರು ಕೀ ತಿರುಗಿಸಿ ಎಂಜಿನ್ನನ್ನೇ ಆರಿಸಿಬಿಡುತ್ತಾರೆ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ನಡೆಯುವುದು ಎಂಜಿನ್ನಿನಿಂದ. ಆರಿದ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಅದರ ಬಲ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗೂ ಹೋಗುತ್ತದೆ. ಹತ್ತು ರೂಪಾಯಿ ಉಳಿಸಲು ಜೀವವನ್ನೇ ಒತ್ತೆ ಇಡುವ ಈ ಜಾಣತನಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಹಳೆಯ ಸಣ್ಣ ಕಾರೊಂದನ್ನು ಕೊಂಡಳು. ಡ್ರೈವಿಂಗ್ ಶಾಲೆಗೂ ಹೋದಳು, ಲೈಸೆನ್ಸೂ ಬಂತು. ರಜೆಗೆ ಊರಿಗೆ ಬಂದವಳು ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು ತೀರ್ಥಹಳ್ಳಿ–ಕೊಪ್ಪ ರಸ್ತೆಯಲ್ಲಿ ಓಡಿಸಿದಳು. ಏರಿನಲ್ಲಿ ಚೆನ್ನಾಗಿಯೇ ಹೋಯಿತು. ಇಳಿಜಾರು ಬಂದಾಗ ನಾಲ್ಕನೆಯ ಗೇರಿನಲ್ಲೇ ಇದ್ದುಕೊಂಡು ಬ್ರೇಕ್ ಒತ್ತಿದಳು, ತಿರುವು ಹತ್ತಿರವಾದಾಗ ಕ್ಲಚ್ ಪೂರ್ತಿ ತುಳಿದಳು. ಕ್ಲಚ್ ತುಳಿದೊಡನೆ ಎಂಜಿನ್ನಿನ ಹಿಡಿತ ತಪ್ಪಿ ಕಾರು ಮುಂದಕ್ಕೆ ಜಾರಿತು.

“ಗೇರ್ ಇಳಿಸೇ ಪುಟ್ಟಿ.”

“ಬ್ರೇಕ್ ಇದೆಯಲ್ಲ ಮಾವ, ಗೇರ್ ಯಾಕೆ? ನಮ್ಮ ಸರ್ ಹೇಳಿದ್ದು, ನಿಲ್ಲಿಸಬೇಕಾದರೆ ಕ್ಲಚ್ ಒತ್ತು, ಬ್ರೇಕ್ ಒತ್ತು ಅಂತ.”

ಅವರ ಸರ್ ಹೇಳಿದ್ದರಲ್ಲಿ ಬೆಂಗಳೂರಿನ ಸಿಗ್ನಲ್ಲಿಗೆ ಸಾಲುವಷ್ಟು ಸತ್ಯವಿದೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲುವ ಊರಿನಲ್ಲಿ ಶಿಷ್ಯರ ಗಾಡಿ ಆಫ್ ಆಗದಿದ್ದರೆ ಸಾಕು ಎನ್ನುವುದು ಕಲಿಸುವವರ ಗುರಿ. ಆದರೆ ಕಾನೂನು ಇಷ್ಟಕ್ಕೇ ತೃಪ್ತವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೆಯ ನಿಯಮ ಚಾಲನಾ ಪರೀಕ್ಷೆಯಲ್ಲಿ ಏನೇನು ಮಾಡಿ ತೋರಿಸಬೇಕೆಂದು ಹೇಳುತ್ತದೆ. ಸಂಚಾರದ ಸ್ಥಿತಿ ಬೇಡಿದಾಗ ಟಾಪ್ ಗೇರಿನಿಂದ ಕೆಳಗಿನ ಗೇರಿಗೆ ಚುರುಕಾಗಿ ಬದಲಿಸುವುದು ಅದರಲ್ಲಿದೆ. ಇಳಿಜಾರಿನಲ್ಲಿ ಹೋಗುವಾಗ ಕೆಳಗಿನ ಗೇರುಗಳಿಗೆ ಚುರುಕಾಗಿ ಬದಲಿಸುವುದು ಅದರಲ್ಲಿ ಬೇರೆಯಾಗಿಯೇ ಇದೆ. ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸುವುದೂ ಇದೆ. ಚಪ್ಪಟೆ ಮೈದಾನದಲ್ಲಿ ಎಂಟು ಬರೆಸಿ, ಒಮ್ಮೆ ರಿವರ್ಸ್ ಹಾಕಿಸಿ ಕಳಿಸಿದರೆ ಈ ಪಟ್ಟಿಯಲ್ಲಿ ಎಷ್ಟು ಮುಗಿಯಿತು? ಇಳಿಜಾರೇ ಇಲ್ಲದ ಜಾಗದಲ್ಲಿ ಇಳಿಜಾರಿನ ಪರೀಕ್ಷೆ ಆಗುವುದಾದರೂ ಹೇಗೆ?

ಇರಲಿ. ಹುಡುಗಿಗೆ ಗೇರ್ ಇಳಿಸಲು ಹೇಳಿದೆ. ಇಳಿಸಿದಳು. ನಾಲ್ಕರಿಂದ ಮೂರು ಹೇಗೋ ಆಯಿತು. ಮೂರರಿಂದ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟಾಗ ಕಾರು ಮುಗ್ಗರಿಸಿತು, ನಮ್ಮಿಬ್ಬರ ತಲೆಯೂ ಮುಂದಕ್ಕೆ ವಾಲಿತು, ಎಂಜಿನ್ ಕಿರುಚಿತು. “ನೋಡಿದೆಯಾ ಮಾವ, ಇದಕ್ಕೇ ನಾನು ಇಳಿಸಲ್ಲ” ಎಂದಳು. ಗೇರ್ ಇಳಿಸಲು ಜನ ಹೆದರುವುದು ಈ ಮುಗ್ಗರಿಸುವಿಕೆಗೇ. ಗಾಡಿಗೆ ಏನೋ ಆಗುತ್ತಿದೆ ಎಂಬ ಅಳುಕು. ಆಗುತ್ತಿರುವುದು ಏನು ಎಂದು ತಿಳಿದರೆ ಅಳುಕು ಹೋಗುತ್ತದೆ.

ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಣ್ಣ ಕಾರೊಂದು ಮೂರನೆಯ ಗೇರಿನಲ್ಲಿದ್ದರೆ ಎಂಜಿನ್ ನಿಮಿಷಕ್ಕೆ ಸುಮಾರು 1800 ಸುತ್ತು ತಿರುಗುತ್ತಿರುತ್ತದೆ. ಅದೇ ವೇಗದಲ್ಲಿ ಎರಡನೆಯ ಗೇರಿನಲ್ಲಿರಬೇಕಾದರೆ ಅದು ಹೆಚ್ಚುಕಡಿಮೆ 2700 ಸುತ್ತು ತಿರುಗುತ್ತಿರಬೇಕು. ಕಾರಿನಿಂದ ಕಾರಿಗೆ ಅಂಕಿ ಬದಲಾದೀತು, ಒಂದಕ್ಕೆ ಒಂದೂವರೆಯ ಈ ಲೆಕ್ಕ ಬಹಳ ಬದಲಾಗದು. ನಡುವೆ 900 ಸುತ್ತುಗಳ ಅಂತರ. ಕ್ಲಚ್ ತುಳಿದು ಗೇರ್ ಬದಲಿಸುವ ಆ ಒಂದೆರಡು ಗಳಿಗೆಯಲ್ಲಿ, ಕಾಲು ಆಕ್ಸಿಲರೇಟರ್ ಮೇಲಿಲ್ಲದ ಕಾರಣ, ಎಂಜಿನ್ 1800ರಿಂದ ಇನ್ನೂ ಕೆಳಗಿಳಿದಿರುತ್ತದೆ. ಆಗ ಕ್ಲಚ್ ಬಿಟ್ಟರೆ ಕೊರತೆಯ ಸುತ್ತುಗಳನ್ನು ಯಾರಾದರೂ ಕೊಡಲೇಬೇಕು. ಕೊಡುವವರು ಚಕ್ರಗಳು. ಕಾರಿನ ಓಟದಿಂದ ಕಿತ್ತು ಎಂಜಿನ್ನಿಗೆ ಕೊಡುತ್ತವೆ. ಕಾರು ಮುಗ್ಗರಿಸುವುದು ಆ ಕ್ಷಣದಲ್ಲಿ.

ಚಕ್ರಗಳ ಬದಲು ನಿಮ್ಮ ಬಲಗಾಲೇ ಅದನ್ನು ಕೊಟ್ಟರೆ ಮುಗಿಯಿತು. ಕ್ಲಚ್ ತುಳಿದು, ಗೇರನ್ನು ಮೂರರಿಂದ ಎರಡಕ್ಕೆ ತರುವಾಗ, ಕ್ಲಚ್ ಬಿಡುವ ಮೊದಲು, ಆಕ್ಸಿಲರೇಟರನ್ನು ಒಂದು ಸಲ ಚುಟುಕಾಗಿ ತಟ್ಟಬೇಕು. ಹಳೆಯ ಚಾಲಕರ ಬಾಯಲ್ಲಿ ‘ಒಂಚೂರು ರೇಸ್ ಕೊಟ್ಟು ಬಿಡು’. ಎಂಜಿನ್ 2700ರ ಹತ್ತಿರಕ್ಕೆ ಏರುತ್ತದೆ, ಅದು ಮತ್ತೆ ಬೀಳುವ ಮೊದಲು ಕ್ಲಚ್ ಬಿಟ್ಟರೆ ಇಬ್ಬರೂ ಒಂದೇ ವೇಗದಲ್ಲಿ ಸೇರುತ್ತಾರೆ. ಎಳೆತವಿಲ್ಲ, ಕಿರುಚಾಟವಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಗೇರ್ ಬದಲಾದದ್ದು ಕಿವಿಯಿಂದ ತಿಳಿಯುತ್ತದೆಯೇ ಹೊರತು ಮೈಯಿಂದ ತಿಳಿಯುವುದಿಲ್ಲ.

ಬರೆದಷ್ಟು ಸುಲಭವಲ್ಲ ಎನ್ನುವುದೂ ಹೌದು. ಹೊಸಬರು ತಟ್ಟುವ ಬದಲು ಒತ್ತಿ ಹಿಡಿಯುತ್ತಾರೆ. ಎಂಜಿನ್ ನಾಲ್ಕು ಸಾವಿರಕ್ಕೆ ಹಾರುತ್ತದೆ, ಕ್ಲಚ್ ಬಿಟ್ಟೊಡನೆ ಕಾರು ನಿಧಾನವಾಗುವ ಬದಲು ಮುಂದಕ್ಕೆ ಜಿಗಿಯುತ್ತದೆ. ಇಳಿಜಾರಿನಲ್ಲಿ ಅದು ಇನ್ನೂ ಗಾಬರಿ. ಕೆಲವರು ಸರಿಯಾಗಿ ತಟ್ಟಿಯೂ ಕ್ಲಚ್ ಬಿಡಲು ತಡಮಾಡುತ್ತಾರೆ, ಅಷ್ಟರಲ್ಲಿ ಎಂಜಿನ್ ಮತ್ತೆ ಬಿದ್ದಿರುತ್ತದೆ, ತಟ್ಟಿದ್ದು ದಂಡ. ಹಾಗಾಗಿ ಈ ಪಾಠವನ್ನು ಘಾಟಿಯಲ್ಲಿ ಕಲಿಯಬಾರದು. ಸಮತಟ್ಟಾದ ಖಾಲಿ ರಸ್ತೆಯಲ್ಲಿ, ಮೂರರಿಂದ ಎರಡಕ್ಕೆ ಮಾತ್ರ, ಒಂದೇ ವೇಗದಲ್ಲಿ, ಮತ್ತೆ ಮತ್ತೆ ಮಾಡಿ ನೋಡಬೇಕು. ರೇಡಿಯೋ ಆರಿಸಿರಬೇಕು. ಮೀಟರಿನ ಮುಳ್ಳು ನೋಡಿ ಕಲಿಯುವುದಕ್ಕಿಂತ ಕಿವಿಯಿಂದ ಕಲಿತದ್ದು ಗಟ್ಟಿ, ಏಕೆಂದರೆ ತಿರುವಿನಲ್ಲಿ ಕಣ್ಣಿಗೆ ಬೇರೆ ಕೆಲಸವಿರುತ್ತದೆ. ಎರಡನೆಯ ಗೇರಿನಲ್ಲಿ 30ರ ವೇಗಕ್ಕೆ ನಿಮ್ಮ ಎಂಜಿನ್ ಯಾವ ಸ್ವರದಲ್ಲಿ ಹಾಡುತ್ತದೆ ಎಂದು ಗುರುತಾದರೆ ತಟ್ಟುವಾಗ ಆ ಸ್ವರ ಮುಟ್ಟಿದರೆ ಆಯಿತು. ಅಕ್ಕನ ಮಗಳಿಗೆ ಸಂಗೀತದ ಕಿವಿಯಿದೆ. ಅವಳು ಕಲಿತದ್ದು ಹೀಗೆಯೇ, ನಾನು ಹೇಳಿಕೊಟ್ಟದ್ದರಿಂದಲ್ಲ.

ತಟ್ಟುವುದು ಒಗ್ಗದವರಿಗೆ ಇನ್ನೊಂದು ದಾರಿಯಿದೆ. ಗೇರ್ ಹಾಕಿ, ಕ್ಲಚ್ಚನ್ನು ಅದು ಕಚ್ಚುವ ಜಾಗದಲ್ಲಿ ಒಂದು ಕ್ಷಣ ನಿಲ್ಲಿಸಿ, ನಿಧಾನವಾಗಿ ಬಿಡುವುದು. ಆಗಲೂ ಸುತ್ತು ಕೊಡುವುದು ಚಕ್ರಗಳೇ, ಆದರೆ ಒಮ್ಮೆಲೇ ಅಲ್ಲ. ಕ್ಲಚ್ ಪ್ಲೇಟು ಉಜ್ಜಿ ಸವೆಯುತ್ತದೆ ಎಂದು ಪಂಡಿತರು ಮೂಗು ಮುರಿಯುತ್ತಾರೆ. ಸವೆಯುತ್ತದೆ, ಸುಳ್ಳಲ್ಲ. ಆದರೆ ಸಂತೆಯ ದಿನದ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ಚಿನ ಮೇಲೆ ಅರ್ಧ ಗಂಟೆ ತೂಗುವವರು ಇದಕ್ಕೆ ಚಿಂತಿಸಬೇಕಾಗಿಲ್ಲ. ವೇಗವನ್ನು ಮೊದಲೇ ಬ್ರೇಕಿನಿಂದ ಸಾಕಷ್ಟು ಇಳಿಸಿಕೊಂಡು ಆಮೇಲೆ ಗೇರ್ ಇಳಿಸಿದರೆ ಅಂತರವೇ ಕಡಿಮೆಯಾಗಿ ಸವೆತವೂ ಕಡಿಮೆ. ಘಾಟಿಯಲ್ಲಿ ಬಿಸಿ ಬ್ರೇಕಿಗಿಂತ ಬೆಚ್ಚಗಿನ ಕ್ಲಚ್ ಎಷ್ಟೋ ವಾಸಿ.

ನಯಕ್ಕಿಂತ ಮುಖ್ಯವಾದದ್ದು ಹೊತ್ತು. ತಿರುವಿನೊಳಗೆ ಸ್ಟೀರಿಂಗ್ ತಿರುಗಿಸಿದ ಮೇಲೆ ಗೇರಿಗೆ ಕೈ ಹಾಕುವುದು, ಕ್ಲಚ್ ತುಳಿಯುವುದು, ಎರಡೂ ಕೆಟ್ಟ ಚಾಳಿ. ಒಂದು ಕೈ ಸ್ಟೀರಿಂಗ್ ಬಿಟ್ಟಿರುತ್ತದೆ, ಎಂಜಿನ್ನಿನ ಹಿಡಿತ ತಪ್ಪಿರುತ್ತದೆ, ಟೈರು ಅಡ್ಡಬಲದಲ್ಲಿ ನಲುಗುತ್ತಿರುತ್ತದೆ. ಮೂರೂ ಒಂದೇ ಗಳಿಗೆಯಲ್ಲಿ. ನೇರ ರಸ್ತೆಯಲ್ಲಿ ಬ್ರೇಕ್, ನೇರ ರಸ್ತೆಯಲ್ಲೇ ಗೇರ್, ಕ್ಲಚ್ ಪೂರ್ತಿ ಬಿಟ್ಟ ಮೇಲೆ ತಿರುವು. ಮಿನಿ ಬಸ್ಸಿನ ಚಾಲಕರ ಗುಟ್ಟು ಕೈಚಳಕದಲ್ಲಿರುವುದಕ್ಕಿಂತ ಈ ಮುಂದಾಲೋಚನೆಯಲ್ಲಿದೆ. ನಾಲ್ಕರಿಂದ ಎರಡಕ್ಕೆ ಬರಬೇಕಾದರೆ ನಡುವಿನ ಮೂರನ್ನು ಮುಟ್ಟಲೇಬೇಕೆಂದೂ ಇಲ್ಲ. ಬ್ರೇಕಿನಲ್ಲಿ ವೇಗ ಇಳಿದಿದ್ದರೆ ನೇರ ಎರಡಕ್ಕೇ ಹಾಕಬಹುದು.

ಬ್ರೇಕ್ ಒತ್ತಿಕೊಂಡೇ ಅದೇ ಬಲಗಾಲಿನ ಅಂಚಿನಿಂದಲೋ ಹಿಮ್ಮಡಿಯಿಂದಲೋ ಆಕ್ಸಿಲರೇಟರ್ ತಟ್ಟುವ ‘ಹೀಲ್ ಆ್ಯಂಡ್ ಟೋ’ ಎಂಬ ವಿದ್ಯೆಯ ಬಗ್ಗೆ ಹುಡುಗರು ಕೇಳುತ್ತಾರೆ. ರೇಸಿನ ಮೈದಾನದಲ್ಲಿ ಅದು ಬೇಕು. ಅಲ್ಲಿ ಬ್ರೇಕಿನಿಂದ ಕಾಲು ತೆಗೆಯಲು ಪುರಸೊತ್ತಿಲ್ಲ. ಮನೆಯವರನ್ನು ಕೂರಿಸಿಕೊಂಡು ಶೃಂಗೇರಿಗೋ ಕೊಲ್ಲೂರಿಗೋ ಹೊರಟವನಿಗೆ ಅದು ಬೇಡ. ನಮ್ಮ ಹೆಚ್ಚಿನ ಕಾರುಗಳ ಪೆಡಲುಗಳೂ ಅದಕ್ಕೆ ತಕ್ಕ ಎತ್ತರ, ಅಂತರದಲ್ಲಿಲ್ಲ. ಮೇಲಾಗಿ ನಾವು ಓಡಿಸುವುದು ಹವಾಯಿ ಚಪ್ಪಲಿಯಲ್ಲಿ! ಚಪ್ಪಲಿಯ ತುದಿ ಬ್ರೇಕಿಗೂ ಹಿಮ್ಮಡಿ ಆಕ್ಸಿಲರೇಟರಿಗೂ ಸಿಕ್ಕಿಕೊಂಡರೆ ವಿದ್ಯೆ ಅಲ್ಲಿಗೇ ಮುಗಿಯುತ್ತದೆ.

ಹಿಂದಿನವರಿಗೆ ಈ ನಯ ಶೋಕಿಯಾಗಿರಲಿಲ್ಲ, ಅನಿವಾರ್ಯವಾಗಿತ್ತು. ಮೊದಲ ಕಾಲದ ಗೇರ್ ಬಾಕ್ಸುಗಳಲ್ಲಿ ಹಲ್ಲಿಗೆ ಹಲ್ಲು ಒಂದೇ ವೇಗದಲ್ಲಿ ಬಾರದೆ ಗೇರೇ ಬೀಳುತ್ತಿರಲಿಲ್ಲ. ಕ್ಲಚ್ ತುಳಿದು ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು ರೇಸ್ ಕೊಟ್ಟು, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರಿಗೆ ಹಾಕುವುದು. ಇದೇ ಡಬಲ್ ಕ್ಲಚ್. ತಪ್ಪಿದರೆ ಕರಕರ ಸದ್ದು ಬೀದಿಗೆಲ್ಲ ಕೇಳುತ್ತಿತ್ತು, ಕ್ಲೀನರ್ ಹುಡುಗನೂ ನಗುತ್ತಿದ್ದ. ಅಮೆರಿಕದ ಕ್ಯಾಡಿಲಾಕ್ 1928ರಲ್ಲಿ ಸಿಂಕ್ರೋಮೆಶ್ ಎಂಬ ಏರ್ಪಾಡನ್ನು ಕಾರಿಗೆ ತಂದಿತು. ಹಲ್ಲು ಕಚ್ಚುವ ಮೊದಲೇ ಗೇರುಗಳ ವೇಗವನ್ನು ಅದು ಉಜ್ಜಿ ಸಮಮಾಡುತ್ತದೆ. ನಮ್ಮಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಮೇಲಿನ ಗೇರುಗಳಿಗೆ ಈ ಅನುಕೂಲವಿತ್ತು, ಒಂದನೆಯದಕ್ಕೆ ಇರಲಿಲ್ಲ. ಓಡುತ್ತಿರುವಾಗ ಒಂದನೆಯ ಗೇರಿಗೆ ಇಳಿಸಬಲ್ಲವನು ಆಗ ನಿಜವಾದ ಡ್ರೈವರ್. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಗೇರ್ ಹಾಕುವುದು ಬೆರಳಿನ ಕೆಲಸವಾಯಿತು, ಕಿವಿಯ ಕೆಲಸ ತಪ್ಪಿತು.

ಇಲ್ಲೊಂದು ತಪ್ಪು ತಿಳಿವಳಿಕೆಯೂ ಹುಟ್ಟಿಕೊಂಡಿತು. ‘ಈಗಿನ ಕಾರಿಗೆ ಸಿಂಕ್ರೋ ಇದೆ, ರೇಸ್ ಕೊಡುವ ಅಗತ್ಯವಿಲ್ಲ’ ಎನ್ನುತ್ತಾರೆ. ಸಿಂಕ್ರೋ ಸಮಮಾಡುವುದು ಗೇರ್ ಬಾಕ್ಸಿನ ಒಳಗಿನ ಹಲ್ಲುಗಳನ್ನು. ಎಂಜಿನ್ ಕ್ಲಚ್ಚಿನ ಆಚೆ ಬದಿಯಲ್ಲಿ ತನ್ನ ಪಾಡಿಗೆ ತಾನಿರುತ್ತದೆ. ಗೇರ್ ಬೆಣ್ಣೆಯಲ್ಲಿ ಇಳಿದಷ್ಟು ಮೆತ್ತಗೆ ಬಿದ್ದರೂ ಕ್ಲಚ್ ಬಿಟ್ಟಾಗ ಕಾರು ಮುಗ್ಗರಿಸುವುದು ಅದಕ್ಕೇ.

ಘಾಟಿಯ ಚಾಲಕರಲ್ಲಿ ಹಳೆಯ ಮಾತೊಂದಿದೆ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಬಲ ಕಡಿಮೆಯಿದ್ದ ಎಂಜಿನ್ನುಗಳ ಕಾಲಕ್ಕೆ ಅದು ಹೇಳಿ ಮಾಡಿಸಿದ ಮಾತು. ಎರಡನೆಯ ಗೇರಿಲ್ಲದೆ ಹತ್ತದ ಏರನ್ನು ಎರಡರಲ್ಲೇ ಇಳಿಯಬೇಕಿತ್ತು. ಇಂದಿನ ಟರ್ಬೊ ಎಂಜಿನ್ನುಗಳು ಅದೇ ಏರನ್ನು ಮೂರರಲ್ಲಿ ಹಾಡುತ್ತ ಹತ್ತುತ್ತವೆ. ಇಳಿಯುವಾಗ ಮೂರರ ಹಿಡಿತ ಸಾಲದು. ಎಂಜಿನ್ ಬಲ ಎಷ್ಟಿದೆಯೆಂದು ಗುರುತ್ವಕ್ಕೆ ಗೊತ್ತಿಲ್ಲ! ಹಾಗಾಗಿ ಹಳೆಯ ಮಾತನ್ನು ಸ್ವಲ್ಪ ತಿದ್ದಿಕೊಳ್ಳುವುದು ಮೇಲು. ಇಳಿಯುವಾಗ ಆಕ್ಸಿಲರೇಟರೂ ಬೇಡ, ಬ್ರೇಕೂ ಅಪರೂಪಕ್ಕೆ ಸಾಕು ಎನ್ನುವ ಗೇರ್ ಯಾವುದೋ ಅದೇ ಸರಿಯಾದ ಗೇರ್. ಕಾಲು ಬ್ರೇಕಿನ ಮೇಲೆಯೇ ಉಳಿಯುತ್ತಿದ್ದರೆ ಒಂದು ಗೇರ್ ಹೆಚ್ಚಾಗಿದೆ ಎಂದರ್ಥ.

ಅತಿಯೂ ಆಗಬಾರದು. ಹೆದ್ದಾರಿಯ ವೇಗದಲ್ಲಿ ಐದರಿಂದ ನಾಲ್ಕಕ್ಕೆಂದು ಹಾಕಿದ್ದು ಕೈತಪ್ಪಿ ಎರಡಕ್ಕೆ ಬಿದ್ದರೆ ಎಂಜಿನ್ ತನ್ನ ಮಿತಿಯನ್ನು ಮೀರಿ ತಿರುಗಬೇಕಾಗುತ್ತದೆ. ಆಕ್ಸಿಲರೇಟರ್ ಹೆಚ್ಚಾದಾಗ ಎಂಜಿನ್ನನ್ನು ತಡೆಯುವ ಎಲೆಕ್ಟ್ರಾನಿಕ್ ಕಾವಲು ಇಲ್ಲಿ ಏನೂ ಮಾಡಲಾರದು, ತಿರುಗಿಸುತ್ತಿರುವುದು ಪೆಟ್ರೋಲ್ ಅಲ್ಲ, ಚಕ್ರ. ವಾಲ್ವು ಪಿಸ್ಟನ್ನಿಗೆ ಬಡಿದರೆ ಎಂಜಿನ್ ಬಿಚ್ಚಿಸಬೇಕು. ಮಳೆಯಲ್ಲಿ ಇನ್ನೊಂದು ಎಚ್ಚರ. ನೆನೆದ ರಸ್ತೆಯಲ್ಲಿ ಕ್ಲಚ್ಚನ್ನು ದಡಕ್ಕನೆ ಬಿಟ್ಟರೆ ಎಂಜಿನ್ನಿನ ಎಳೆತಕ್ಕೇ ಚಕ್ರ ಹಿಡಿತ ಬಿಟ್ಟೀತು. ಮುಂಚಕ್ರಕ್ಕೆ ಎಳೆತವಿರುವ ಸಣ್ಣ ಕಾರು ತಿರುಗದೆ ನೇರಕ್ಕೆ ಜಾರುತ್ತದೆ. ಬೊಲೆರೊ, ಓಮ್ನಿಗಳಂಥ ಹಿಂಚಕ್ರದ ಗಾಡಿಗಳಾದರೆ ಬಾಲ ತಿರುಗುತ್ತದೆ. ಆಗುಂಬೆಯ ಜುಲೈ ತಿಂಗಳಲ್ಲಿ ಗೇರ್ ಇಳಿಸುವ ನಯ ಅಲಂಕಾರವಲ್ಲ.

ಗೇರೇ ಇಲ್ಲದ ಕಾರು ಕೊಂಡರೆ ಈ ರಗಳೆ ತಪ್ಪಿತಲ್ಲ ಎನ್ನಬಹುದು. ಪೂರ್ತಿ ತಪ್ಪದು. ಆಟೊಮ್ಯಾಟಿಕ್ ಕಾರಿಗೆ ಮುಂದಿನ ತಿರುವು ಕಾಣುವುದಿಲ್ಲ. ‘ಡಿ’ಯಲ್ಲೇ ಬಿಟ್ಟರೆ ಇಳಿಜಾರಿನಲ್ಲೂ ಮೇಲಿನ ಗೇರಿಗೆ ಏರುವವು ಬಹಳ. ‘ಎಲ್’ ಎಂದೋ ‘2’ ಎಂದೋ ‘ಎಂ’ ಎಂದೋ ಬರೆದ ಜಾಗ ಕೊಟ್ಟಿರುವುದು ಇಂಥ ಕಡೆಗೇ. ಎಷ್ಟೋ ಮಾಲೀಕರು ಆ ಅಕ್ಷರವನ್ನು ಒಂದು ದಿನವೂ ಮುಟ್ಟಿರುವುದಿಲ್ಲ. ವಿದ್ಯುತ್ ಕಾರುಗಳಲ್ಲಿ ಮೋಟಾರೇ ಹಿಮ್ಮುಖವಾಗಿ ದುಡಿದು ಬ್ಯಾಟರಿ ತುಂಬುತ್ತ ಗಾಡಿಯನ್ನು ಹಿಡಿಯುತ್ತದೆ. ಸೊಗಸಾದ ಏರ್ಪಾಡು. ಆದರೆ ಬೆಟ್ಟದ ಮೇಲಿನ ಹೋಂಸ್ಟೇಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ಬ್ಯಾಟರಿ ತುಂಬಿಸಿಕೊಂಡೇ ಇಳಿಯತೊಡಗಿದರೆ, ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲು ಜಾಗವಿಲ್ಲದೆ ಆ ಹಿಡಿತ ತೀರ ಕಡಿಮೆಯಾಗುತ್ತದೆ.

ಘಾಟಿಗೆ ಹೊರಡುವ ಮೊದಲು ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದೆಯೇ ಎಂದು ಮೆಕ್ಯಾನಿಕ್ಕನ್ನು ಕೇಳಿ. ಇಕ್ಕಟ್ಟಿನ ಘಾಟಿಯಲ್ಲಿ ಎದುರಾದಾಗ ಇಳಿಯುವವರು ಬದಿಗೆ ನಿಂತು ಹತ್ತುವವರಿಗೆ ದಾರಿ ಬಿಡಬೇಕೆಂಬ ಕಾನೂನೂ ಇದೆ. ಹಿಡಿತದ ಗೇರಿನಲ್ಲಿ ಇಳಿಯುತ್ತಿದ್ದರೆ ಮಾತ್ರ ಹಾಗೆ ನಿಲ್ಲಲು ಸಾಧ್ಯ. ಮೊದಲ ತಿರುವಿನ ಮೊದಲೇ, ನೇರ ರಸ್ತೆಯಲ್ಲೇ, ಎರಡನೆಯ ಗೇರಿಗೆ ಬಂದುಬಿಡಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ. ಅಗಲ ಸಿಕ್ಕ ಕಡೆ ಬದಿಗೆ ಸರಿದು ಅವನನ್ನು ಮುಂದೆ ಬಿಡಿ, ನೀವು ನಿಮ್ಮ ಗೇರಿನಲ್ಲೇ ಇಳಿಯಿರಿ.